ಈಡು ಹಾರಿಸದ ಕೋವಿಗಳು

ಗಡಿನಾಡಿನ ಕನ್ನಡಿಗರಲ್ಲಿ ಈ ವಸ್ತುವಿಗೆ ಹೆಸರು ಒಂದೇ ಅಲ್ಲ. ಕಾಸರಗೋಡಿನವರು ಕೋವಿ ಎನ್ನುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆಗಳವರಿಗೆ ಅದು ಬಂದೂಕು. ಆದವಾನಿ, ರಾಯದುರ್ಗಗಳ ಕಡೆ ತುಪಾಕಿ ಎಂದರೂ ತಿಳಿಯುತ್ತದೆ. ಕೊಡವ ತಕ್ಕಿನಲ್ಲಿ ಅದು ತೋಕ್. ಹೆಸರು ಏನೇ ಇರಲಿ, ಕೊಡಗಿನ ಐನ್‌ಮನೆಗಳಲ್ಲಿಯೂ ಅದರ ಮಗ್ಗುಲಿನ ಕಾಸರಗೋಡು, ವಯನಾಡುಗಳ ಹಳೆಯ ಕೃಷಿಕ ಮನೆಗಳಲ್ಲಿಯೂ ಒಳಕೋಣೆಯ ಗೂಟಕ್ಕೆ ತೂಗಿಯೋ, ಕಪಾಟಿನ ಮೂಲೆಗೆ ಒರಗಿಯೋ ಇರುವ ಒಂದು ಕೋವಿಯನ್ನು ಕಾಣುವುದು ಅಪರೂಪವೇನಲ್ಲ. ಆ ಮನೆಯ ಯಜಮಾನರನ್ನು, “ಇದರಿಂದ ಕೊನೆಯ ಈಡು ಹಾರಿದ್ದು ಯಾವಾಗ?” ಎಂದು ಕೇಳಿ ನೋಡಬೇಕು. ಕೆಲವರು ಹತ್ತು ವರ್ಷ ಎಂದಾರು, ಕೆಲವರು ತಂದೆಯ ಕಾಲದಲ್ಲಿ ಎಂದಾರು, ಇನ್ನು ಕೆಲವರು ನಕ್ಕು ಸುಮ್ಮನಾದಾರು.

ಬಳಸದ ವಸ್ತುವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಹೊಸತೇನಲ್ಲ. ಅಜ್ಜಿಯ ಕಾಲದ ಕಂಚಿನ ಹಂಡೆ, ಯಾರೂ ನುಡಿಸದ ಹಾರ್ಮೋನಿಯಂ, ಬೀಗವೇ ಇಲ್ಲದ ಬೀಗದ ಕೈ ಎಷ್ಟೋ ಮನೆಗಳಲ್ಲಿವೆ. ಆದರೆ ಹಂಡೆಗೆ ಪರವಾನಗಿ ಬೇಡ. ಹಾರ್ಮೋನಿಯಂ ಇದೆಯೆಂದು ಚುನಾವಣೆ ಬಂದಾಗ ಪೊಲೀಸ್ ಠಾಣೆಗೆ ಹೊತ್ತುಕೊಂಡು ಹೋಗಬೇಕಾಗಿಲ್ಲ. ಕೋವಿಯಾದರೋ ಖರ್ಚನ್ನೂ ಓಡಾಟವನ್ನೂ ಕಾವಲನ್ನೂ ಬೇಡುವ ವಸ್ತು. ಇಷ್ಟೆಲ್ಲ ಇದ್ದೂ ಜನರು ಅದನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲವೆಂಬುದನ್ನೂ, ಹಾಗೆ ಇಟ್ಟುಕೊಂಡವರ ಹೊಣೆ ಏನೆಂಬುದನ್ನೂ ಇಲ್ಲಿ ಸ್ವಲ್ಪ ವಿಚಾರಿಸೋಣ.

ಒಂದೇ ಕಾಡು, ಎರಡು ಕಟ್ಟಳೆ

ಕಾಸರಗೋಡು ಜಿಲ್ಲೆಯ ಪಾಣತ್ತೂರಿನಿಂದ ಕರಿಕೆಯ ಮೂಲಕ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ಕೇರಳ ಎಲ್ಲಿ ಮುಗಿಯಿತು, ಕೊಡಗು ಎಲ್ಲಿ ತೊಡಗಿತು ಎಂಬುದನ್ನು ಕಾಡನ್ನು ನೋಡಿ ಹೇಳಲಾಗದು. ಮಳೆ ಒಂದೇ, ಮರ ಒಂದೇ, ತೋಟಕ್ಕೆ ನುಗ್ಗುವ ಹಂದಿಯೂ ಒಂದೇ. ಆದರೆ ಕೋವಿಯ ವಿಷಯದಲ್ಲಿ ಈ ಎರಡು ಮಗ್ಗುಲುಗಳ ಕಾನೂನು ನೂರೈವತ್ತು ವರ್ಷಗಳಿಗೂ ಹಿಂದಿನಿಂದ ಬೇರೆ ಬೇರೆಯಾಗಿದೆ.

ಕೊಡಗಿನ ಅರಸರ ಕಾಲದಲ್ಲಿ ‘ಜಮ್ಮಾ’ ಎಂಬ ಭೂ ಹಿಡುವಳಿ ಬಳಕೆಯಲ್ಲಿತ್ತು. ಒಕ್ಕಲಿಗನು ತಲೆಮಾರಿನಿಂದ ತಲೆಮಾರಿಗೆ ಕಡಿಮೆ ಕಂದಾಯದಲ್ಲಿ ಗದ್ದೆಯನ್ನು ಅನುಭವಿಸುವನು. ಅರಸನು ಕರೆದಾಗ ಆಯುಧ ಹಿಡಿದು ಬರುವನು. ಹೀಗೆ ಅಲ್ಲಿ ಭೂಮಿಯೂ ಆಯುಧವೂ ಒಂದೇ ಕರಾರಿನ ಎರಡು ಮುಖಗಳಾಗಿದ್ದವು. 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತು. 1837ರಲ್ಲಿ ಸುಳ್ಯ ಸೀಮೆಯಿಂದ ಎದ್ದ ರೈತರ ದಂಡು ಮಂಗಳೂರಿನವರೆಗೆ ನಡೆದು ಕಂಪೆನಿಯ ಆಡಳಿತವನ್ನು ಕೆಲವು ದಿನಗಳ ಮಟ್ಟಿಗೆ ಅಲ್ಲಾಡಿಸಿತು. ಆಗ ಕಂಪೆನಿಯ ಪಕ್ಷ ಹಿಡಿದ ಕೊಡಗಿನ ಮುಖಂಡರಿಗೆ ಪದಕಗಳು ದೊರೆತವು. 1857ರ ಮಹಾದಂಗೆಯಾದ ಮೇಲೆ ದೇಶದ ಪ್ರಜೆಗಳಿಂದ ಆಯುಧಗಳನ್ನು ಕಸಿಯುವ ಕಾನೂನುಗಳು ಬಂದಾಗ, ಮಾರ್ಕ್ ಕಬ್ಬನ್ನರ ಆಡಳಿತದ ಕೊನೆಯಲ್ಲಿ, ಅಂದರೆ 1861ರಲ್ಲಿ, ಕೊಡಗರಿಗೆ ಆ ಕಾನೂನಿನಿಂದ ವಿನಾಯಿತಿ ಸಿಕ್ಕಿತು.

ಆ ವಿನಾಯಿತಿ ಅಂದಿನಿಂದ ಹಲವು ಸರಕಾರಗಳನ್ನು ದಾಟಿ ಬಂದಿದೆ. 1959ರ ಆಯುಧ ಕಾಯಿದೆ 1962ರ ಅಕ್ಟೋಬರ್ 1ರಂದು ಜಾರಿಗೆ ಬಂದ ಬಳಿಕ 1963ರ ಅಧಿಸೂಚನೆಯೊಂದರಲ್ಲಿ ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಅದು ಮುಂದುವರಿಯಿತು. ಜಮ್ಮಾ ಹಿಡುವಳಿದಾರರಲ್ಲಿ ಗೌಡ ಮೊದಲಾದ ಇತರ ಸಮುದಾಯದವರೂ ಸೇರಿದ್ದಾರೆ. 2019ರ ಅಕ್ಟೋಬರ್ 29ರಂದು ಕೇಂದ್ರ ಸರಕಾರವು ಈ ವಿನಾಯಿತಿಯನ್ನು 2029ರ ಅಕ್ಟೋಬರ್ 31ರ ತನಕ ವಿಸ್ತರಿಸಿತು. ಇದು ಸಮಾನತೆಗೆ ಒಪ್ಪುವುದಿಲ್ಲವೆಂದು ನ್ಯಾಯಾಲಯಕ್ಕೆ ಹೋದವರೂ ಉಂಟು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ವಿನಾಯಿತಿಯನ್ನು ಎತ್ತಿಹಿಡಿಯಿತು; ಸ್ವಾತಂತ್ರ್ಯಕ್ಕೆ ಮೊದಲಿನಿಂದ ನಡೆದು ಬಂದುದು ಎಂಬುದನ್ನೂ, ಅವಧಿ ಗೊತ್ತುಪಡಿಸಿ ಕೊಟ್ಟುದು ಎಂಬುದನ್ನೂ ಅದು ಗಮನಕ್ಕೆ ತಂದುಕೊಂಡಿತು.

ಗಡಿಯ ಈಚೆಗೆ ಬಂದರೆ ಮಾತು ಬೇರೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದರಾಸು ಆಧಿಪತ್ಯದ, ಬಳಿಕ ಮದರಾಸು ರಾಜ್ಯದ, ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅಲ್ಲಿ ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಕಾಗಿತ್ತು. ಕೇರಳಕ್ಕೆ ಸೇರಿದ ಮೇಲೂ ಬೇಕು. ಬೆಳೆ ಕಾಯುವವನ ಕಷ್ಟವನ್ನು ಕಾನೂನು ಮರೆತಿಲ್ಲ ಎನ್ನಬೇಕು. 1959ರ ಕಾಯಿದೆಯಲ್ಲಿಯೇ, ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಗೂ, ಆತ್ಮರಕ್ಷಣೆಗೆ ಇಲ್ಲವೆ ಕ್ರೀಡೆಗೆಂದು ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ಗೀರಿಲ್ಲದ ಕೋವಿಗೂ ಪರವಾನಗಿ ಕೊಡುವ ಮಾತು ಬಂದಿದೆ.

ಹೀಗೆ ಗಡಿಯ ಆಚೆ ಕೋವಿಯು ಹುಟ್ಟಿನಿಂದ ಬಂದ ಹಕ್ಕು, ಈಚೆ ಅರ್ಜಿ ಹಾಕಿ ಪಡೆದ ಅನುಮತಿ. ಆದರೂ ಎರಡು ಕಡೆಯಲ್ಲಿಯೂ ಅದರ ಈಗಿನ ಪಾಡು ಒಂದೇ: ಹೆಚ್ಚಿನ ದಿನ ಅದು ಸದ್ದಿಲ್ಲದೆ ಗೋಡೆಗೆ ಒರಗಿದೆ.

ಹಬ್ಬಕ್ಕೆ ಬೇಕಾದ ಕೋವಿ

ಕೊಡಗಿನಲ್ಲಿ ಇದಕ್ಕೆ ಸಿಗುವ ಮೊದಲ ಉತ್ತರ ಹಬ್ಬ. ನಾಟಿಯ ಕೆಲಸ ಮುಗಿದು ಮೈಗೆ ಬಿಡುವಾಗುವ ಕಾಲದಲ್ಲಿ, ಸಾಮಾನ್ಯವಾಗಿ ಸೆಪ್ಟೆಂಬರ್ 3ರ ಸುಮಾರಿಗೆ, ಕೈಲ್ ಪೊಳ್ದ್ ಬರುತ್ತದೆ. ಕನ್ನಡದಲ್ಲಿ ಇದನ್ನು ಕೈಲ್ ಮುಹೂರ್ತವೆನ್ನುತ್ತಾರೆ. ಅಂದು ಮನೆಯ ಕೋವಿ, ಕತ್ತಿಗಳನ್ನೆಲ್ಲ ತೊಳೆದೊರಸಿ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದ ಮುಂದಿಡುತ್ತಾರೆ. ಗಂಧವಿಟ್ಟು, ಕೋವಿಗೆ ‘ತೋಕ್ ಪೂ’ ಮುಡಿಸುತ್ತಾರೆ. ಮಳೆಗಾಲದ ಬೇಲಿಗಳಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯೇ ಈ ತೋಕ್ ಪೂ. ಪೂಜೆಯಾದ ಮೇಲೆ ಊರವರು ಬಯಲಿನಲ್ಲಿ ಸೇರಿ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ನಡೆಸುತ್ತಾರೆ. ಹುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಒಂದು ಈಡು ಹಾರುತ್ತದೆ. ಹಿಂದಿನ ರೂಢಿಯಲ್ಲಿ ಮನೆಯಲ್ಲಿ ಗಂಡು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು. ಗುಡ್ಡದಿಂದ ಗುಡ್ಡಕ್ಕೆ ಮೈಲು ದೂರವಿದ್ದ ಮನೆಗಳಿಗೆ ಅದೇ ತಂತಿ, ಅದೇ ಟೆಲಿಫೋನು. ಈಡುಗಳನ್ನು ಎಣಿಸಿಯೇ ನೆರೆಹೊರೆಯವರು ಸಂತೋಷಕ್ಕೆ ಹೊರಡಬೇಕೋ ಸಂಸ್ಕಾರಕ್ಕೆ ಹೊರಡಬೇಕೋ ಎಂದು ತಿಳಿಯುತ್ತಿದ್ದರು.

ಇಂಥ ಕೋವಿಯು ವರ್ಷದಲ್ಲಿ ನಾಲ್ಕಾರು ಸಲ ಮಾತ್ರ ಸದ್ದು ಮಾಡಿದರೂ ಬಳಕೆಯಲ್ಲಿಲ್ಲ ಎನ್ನುವಂತಿಲ್ಲ. ದೇವರ ಮನೆಯ ಶಂಖವನ್ನು ಹಗಲೆಲ್ಲ ಊದುವುದುಂಟೆ? ಉಳಿದ ದಿನಗಳಲ್ಲಿ ಅದು ಸುಮ್ಮನಿರುವುದರಿಂದಲೇ ಹಬ್ಬದ ದಿನದ ಅದರ ದನಿಗೆ ಬೆಲೆ. ಇಂದು ಸಾವಿನ ಸುದ್ದಿ ಮೊಬೈಲಿನಲ್ಲಿ ಕ್ಷಣದಲ್ಲಿ ದೇಶಾಂತರಕ್ಕೆ ಮುಟ್ಟುತ್ತದೆ. ಆದರೂ ಈಡನ್ನು ಬಿಡಲು ಮನಸ್ಸು ಒಪ್ಪದು. ಸುದ್ದಿ ಮುಟ್ಟಿಸುವ ಕೆಲಸ ಹೋದ ಮೇಲೂ ಗೌರವ ಸಲ್ಲಿಸುವ ಕೆಲಸ ಅದಕ್ಕೆ ಉಳಿದುಕೊಂಡಿದೆ.

ಕೆಲಸ ಕಳೆದುಕೊಂಡ ಕಾವಲುಗಾರ

ಕಾಸರಗೋಡು, ವಯನಾಡುಗಳ ಕೃಷಿಕನ ಕೋವಿಯ ಕಥೆ ಹೀಗಲ್ಲ. ಅದು ಬಂದುದೇ ಕೆಲಸಕ್ಕೆಂದು. ಗದ್ದೆಗೆ ಹಂದಿ, ತೋಟಕ್ಕೆ ಮಂಗ, ಗೆಣಸು ಮರಗೆಣಸಿಗೆ ಮುಳ್ಳುಹಂದಿ. ರಾತ್ರಿ ಅಟ್ಟಳೆಯಲ್ಲಿ ಕುಳಿತು ಕಾಯುವವನ ಕೈಯಲ್ಲಿ ಒಂದು ಕೇಪಿನ ಕೋವಿಯಿದ್ದರೆ ಮನೆಯವರಿಗೆ ಅರ್ಧ ನೆಮ್ಮದಿ. ಹೊಡೆಯದಿದ್ದರೂ ಅದರ ಸದ್ದಿಗೆ ಪ್ರಾಣಿಗಳು ಒಂದೆರಡು ವಾರ ಈ ಕಡೆ ತಲೆಹಾಕವು ಎಂಬ ನಂಬಿಕೆ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಬೇಟೆ ಅಪರಾಧವಾಯಿತು. ಅಭಯಾರಣ್ಯದ ಹತ್ತು ಕಿಲೋಮೀಟರಿನೊಳಗೆ ವಾಸಿಸುವ ಕೋವಿದಾರರು, ಪರವಾನಗಿ ಪಡೆದವರಿರಲಿ ಅದರಿಂದ ವಿನಾಯಿತಿ ಪಡೆದವರಿರಲಿ, ತಮ್ಮ ಹೆಸರನ್ನು ನೋಂದಾಯಿಸಬೇಕೆಂಬ ನಿಯಮವೂ ಅದೇ ಕಾಯಿದೆಯಲ್ಲಿದೆ. 1973ರಲ್ಲಿ ವಯನಾಡು ಅಭಯಾರಣ್ಯವಾಯಿತು, 1974ರಲ್ಲಿ ಕೊಡಗಿನ ಬ್ರಹ್ಮಗಿರಿಯಾಯಿತು. ಕಾಡು ಉಳಿಯಬೇಕಾದರೆ ಇಂಥದೊಂದು ಕಾನೂನು ಬೇಕೇ ಇತ್ತು. ಹಳೆಯ ಬೇಟೆಗಾರರ ಹೆಮ್ಮೆಯ ಲೆಕ್ಕಗಳನ್ನು ಕೇಳಿದವರಿಗೆ ಅದರಲ್ಲಿ ಸಂದೇಹವಿರಲಾರದು. ಆದರೆ ಅದರೊಂದಿಗೆ ಬೆಳೆ ಕಾಯುವ ಕೋವಿಯ ಕೆಲಸ ಹೆಚ್ಚುಕಡಿಮೆ ಮುಗಿಯಿತು. ತೋಟದಲ್ಲಿ ಎಳನೀರು ಬೀಳಿಸುವ ಮಂಗನಿಗೂ, ಗದ್ದೆಯಲ್ಲಿ ಮೇಯುವ ನವಿಲಿಗೂ ಗುರಿಯಿಟ್ಟವನು ಸೆರೆಮನೆಗೆ ಹೋದಾನು. ಪರವಾನಗಿಯ ಪುಸ್ತಕದಲ್ಲಿ ‘ಬೆಳೆ ರಕ್ಷಣೆಗೆ’ ಎಂಬ ಬರಹ ಉಳಿಯಿತು. ಆ ಕೋವಿಯಿಂದ ಬೆಳೆಯನ್ನು ರಕ್ಷಿಸುವ ದಾರಿ ಬಹುಮಟ್ಟಿಗೆ ಮುಚ್ಚಿತು.

ಕೇರಳದಲ್ಲಿ ಕಾಡುಹಂದಿಯ ಹಾವಳಿ ಮಿತಿಮೀರಿದಾಗ 2022ರ ಮೇ ತಿಂಗಳಲ್ಲಿ ಅಲ್ಲಿಯ ಸರಕಾರವು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಗೌರವ ವನ್ಯಜೀವಿ ವಾರ್ಡನರ ಅಧಿಕಾರ ಕೊಟ್ಟು, ಹಾನಿ ಮಾಡುವ ಹಂದಿಯನ್ನು ಪರವಾನಗಿಯುಳ್ಳ ಕೋವಿದಾರರಿಂದ ಕೊಲ್ಲಿಸಲು ಅವಕಾಶ ಮಾಡಿತು. ಇಷ್ಟು ವರ್ಷ ಮೂಲೆಯಲ್ಲಿದ್ದ ಕೋವಿಗೆ ಮತ್ತೆ ಕರೆ ಬಂದಿತೆಂದು ಕೆಲವರು ಹಿಗ್ಗಿದರು. ಆದರೆ ಕೋವಿ ಇದ್ದವನೆಲ್ಲ ಈಡುಗಾರನಲ್ಲ. ಎರಡು ದಶಕ ಒಂದು ತೋಟಾ ಹಾರಿಸದವನು ಕತ್ತಲೆಯಲ್ಲಿ ಓಡುವ ಹಂದಿಗೆ ಗುರಿಯಿಟ್ಟರೆ ಪೆಟ್ಟು ಹಂದಿಗೇ ತಗಲುತ್ತದೆಂಬ ಭರವಸೆಯಿಲ್ಲ. ಗಾಯಗೊಂಡ ಹಂದಿ ಎಷ್ಟು ಅಪಾಯಕಾರಿಯೆಂಬುದನ್ನು ಮಲೆನಾಡಿನ ಮಕ್ಕಳೂ ಬಲ್ಲರು. ಅಭ್ಯಾಸಕ್ಕೆ ಗುರಿ ಮೈದಾನಗಳು ಹತ್ತಿರದಲ್ಲಿಲ್ಲ, ತೋಟಾಗಳ ಬೆಲೆ ಹೆಚ್ಚು, ವರ್ಷಕ್ಕೆ ಕೊಳ್ಳಬಹುದಾದ ತೋಟಾಗಳಿಗೆ ಪರವಾನಗಿಯಲ್ಲಿ ಮಿತಿ. ಆದ್ದರಿಂದ ‘ಒಂದು ದಿನ ಬೇಕಾದೀತು’ ಎಂದು ಇಟ್ಟ ಕೋವಿ ಬೇಕಾದ ದಿನ ಕೈಗೆ ಒದಗುವುದು ಸುಲಭವಲ್ಲ.

ಕೊಟ್ಟರೆ ಮರಳಿ ಬಾರದು

ಇನ್ನೊಂದು ಕಾರಣವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಆದರೆ ಬಹುಶಃ ಅದೇ ಎಲ್ಲಕ್ಕಿಂತ ಬಲವಾದುದು. ಇಂದು ಹೊಸ ಪರವಾನಗಿ ಸಿಗುವುದು ಬಹಳ ಕಷ್ಟ. ಪೊಲೀಸರ ವರದಿ, ಅರಣ್ಯ ಇಲಾಖೆಯ ಅಭಿಪ್ರಾಯ, ಜಿಲ್ಲಾ ಮ್ಯಾಜಿಸ್ಟ್ರೇಟರ ಕಚೇರಿಯ ಮೆಟ್ಟಿಲು. ಅಜ್ಜನು ಸುಲಭವಾಗಿ ಪಡೆದುದನ್ನು ಮೊಮ್ಮಗನು ಒಮ್ಮೆ ಬಿಟ್ಟುಕೊಟ್ಟರೆ ಮತ್ತೆ ಪಡೆಯುವ ಆಸೆಯಿಲ್ಲ. ಹೀಗಾಗಿ ಬೇಡವೆನಿಸಿದವರೂ, ‘ಇರಲಿ, ಹೋದರೆ ಬರುವುದಿಲ್ಲ’ ಎಂದು ನವೀಕರಣದ ಶುಲ್ಕ ಕಟ್ಟುತ್ತಾರೆ. ಅವರು ಕಾಪಾಡುತ್ತಿರುವುದು ಕೋವಿಯನ್ನೋ ಕಾಗದವನ್ನೋ ಎಂದು ಕೇಳಿದರೆ, ಕಾಗದವನ್ನೇ ಎನ್ನಬೇಕಾದೀತು.

ಮಾರುವುದೂ ಸುಲಭವಲ್ಲ. ಕೊಳ್ಳುವವನಿಗೂ ಪರವಾನಗಿ ಬೇಕು, ವ್ಯವಹಾರ ಅಧಿಕಾರಿಗಳಿಗೆ ತಿಳಿದೇ ನಡೆಯಬೇಕು. ಹಳೆಯ ಒಂಟಿನಳಿಗೆಗೆ ಬರುವ ಬೆಲೆಯಾದರೂ ಎಷ್ಟು? ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ ಹೆಸರುವಾಸಿ ಜೋಡುನಳಿಗೆಯಾದರೆ ಹುಡುಕಿಕೊಂಡು ಬರುವವರಿದ್ದಾರು. ಊರಿನ ಕಮ್ಮಾರನ ಕೈಯಿಂದ ದುರಸ್ತಿ ಕಂಡ ಕೇಪಿನ ಕೋವಿಯನ್ನು ಯಾರು ಕೇಳುತ್ತಾರೆ?

2019ರ ತಿದ್ದುಪಡಿಯಿಂದ ಒಂದು ಪರವಾನಗಿಯ ಮೇಲೆ ಮೊದಲು ಇಡಬಹುದಾಗಿದ್ದ ಮೂರು ಕೋವಿಗಳ ಸಂಖ್ಯೆ ಎರಡಕ್ಕೆ ಇಳಿಯಿತು. ವಂಶಪಾರಂಪರ್ಯವಾಗಿ ಬಂದ ಕೋವಿಗೂ ಈ ಮಿತಿ ಅನ್ವಯಿಸುತ್ತದೆ. ಪರವಾನಗಿಯ ಅವಧಿ ಮಾತ್ರ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು. ಚುನಾವಣೆ ಬಂದಾಗಲೆಲ್ಲ ಅಧಿಕಾರಿಗಳು ಕೇಳಿದರೆ ಕೋವಿಯನ್ನು ಠಾಣೆಯಲ್ಲಿಟ್ಟು ರಶೀದಿ ತರಬೇಕು. ವಿಧಾನಸಭೆ, ಲೋಕಸಭೆ, ಪಂಚಾಯಿತಿ ಎಂದು ಎಣಿಸಿದರೆ ಕೆಲವು ಕೋವಿಗಳು ಹೊಸಿಲು ದಾಟುವುದು ಠಾಣೆಗೆ ಹೋಗಿ ಬರುವುದಕ್ಕೆ ಮಾತ್ರ!

ಅಭಯ ಕೊಡುವ ಕೋವಿ

ನಾಲ್ಕನೆಯ ಕಾರಣ ಹೆದರಿಕೆ. ಸರಿಯಾಗಿ ಹೇಳಬೇಕೆಂದರೆ ಹೆದರಿಕೆಗೆ ಮದ್ದು. ತೋಟದ ನಡುವಿನ ಒಂಟಿ ಮನೆ, ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ, ಮನೆಯಲ್ಲಿ ವಯಸ್ಸಾದ ಇಬ್ಬರೇ. ‘ಆ ಮನೆಯಲ್ಲಿ ಕೋವಿಯಿದೆ’ ಎಂಬ ಸುದ್ದಿ ಊರಿನಲ್ಲಿದ್ದರೆ ಕಳ್ಳನು ಎರಡು ಸಲ ಯೋಚಿಸಿಯಾನು ಎಂಬ ಎಣಿಕೆ. ಅದು ಹಾರುವ ಸ್ಥಿತಿಯಲ್ಲಿ ಇದೆಯೋ ಇಲ್ಲವೋ ಕಳ್ಳನಿಗೆ ತಿಳಿಯದಲ್ಲ!

ಈ ಮನೋಭಾವ ನಮ್ಮದೊಂದೇ ನಾಡಿನದಲ್ಲ. ಲೋಕದಲ್ಲಿ ಖಾಸಗಿ ಕೋವಿಗಳು ಅತಿ ಹೆಚ್ಚಾಗಿರುವ ಅಮೆರಿಕದಲ್ಲಿ ಪ್ಯೂ ಸಂಶೋಧನಾ ಕೇಂದ್ರವು 2023ರಲ್ಲಿ ಕೋವಿದಾರರನ್ನು ಅದನ್ನೇಕೆ ಇಟ್ಟುಕೊಂಡಿದ್ದೀರೆಂದು ಕೇಳಿತು. ನೂರಕ್ಕೆ 72 ಮಂದಿ ರಕ್ಷಣೆಯೇ ಮುಖ್ಯ ಕಾರಣಗಳಲ್ಲೊಂದೆಂದರು. ಬೇಟೆಯನ್ನು ಮುಖ್ಯ ಕಾರಣವೆಂದವರು ಸುಮಾರು ಮೂರರಲ್ಲೊಂದು ಪಾಲು ಮಾತ್ರ. ರಕ್ಷಣೆಗೆಂದು ಕೋವಿ ಇಟ್ಟವನು ಅದನ್ನು ಹಾರಿಸುವ ದಿನ ಬಾರದಿರಲಿ ಎಂದೇ ಹಾರೈಸುತ್ತಾನೆ. ಆದ್ದರಿಂದ ಅದು ಸುಮ್ಮನೆ ಬಿದ್ದಿದೆಯೆಂದು ಅವನಿಗೆ ಬೇಸರವಿಲ್ಲ. ಅವನ ಲೆಕ್ಕದಲ್ಲಿ ಅದು ವಿಮೆಯ ಪಾಲಿಸಿಯಂತೆ.

ಆದರೆ ವಿಮೆಯ ಪಾಲಿಸಿಗೆ ಮನೆಯವರ ಜೀವ ತೆಗೆಯುವ ಶಕ್ತಿಯಿಲ್ಲ. 2020ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಎರಡೂವರೆ ಕೋಟಿಗೂ ಮೀರಿದ ವಯಸ್ಕರ ದಾಖಲೆಗಳನ್ನು ನೋಡಿ ಬರೆದ ಅಧ್ಯಯನ ಪ್ರಕಟವಾಯಿತು. ಕೈಕೋವಿಯಿದ್ದ ಗಂಡಸರು ಅದಿಲ್ಲದವರಿಗಿಂತ ಸುಮಾರು 8 ಪಟ್ಟು, ಹೆಂಗಸರು ಸುಮಾರು 35 ಪಟ್ಟು ಹೆಚ್ಚಾಗಿ ಕೋವಿಯಿಂದ ಆತ್ಮಹತ್ಯೆ ಮಾಡಿಕೊಂಡದ್ದು ಅದರಲ್ಲಿ ಕಂಡುಬಂದಿತು. ಅಲ್ಲಿಯ ಪಿಸ್ತೂಲು ಬೇರೆ, ನಮ್ಮ ಉದ್ದ ನಳಿಗೆಯ ಕೋವಿ ಬೇರೆ. ಅಂಕೆಗಳನ್ನು ಹಾಗೆಯೇ ಇಲ್ಲಿಗೆ ತರುವುದು ಸರಿಯಲ್ಲ. ಅದರ ಪಾಠವಾದರೋ ಎಲ್ಲಿಯೂ ಒಂದೇ. ಮನಸ್ಸು ಕುಸಿದ ಗಳಿಗೆ ಹೆಚ್ಚು ಕಾಲ ನಿಲ್ಲುವುದಿಲ್ಲ. ಆ ಗಳಿಗೆಯಲ್ಲಿ ಕೈಗೆಟಕುವುದು ಏನು ಎಂಬುದರ ಮೇಲೆ ಒಂದು ಜೀವ ನಿಂತಿರುತ್ತದೆ. ನಮ್ಮ ತೋಟದ ಮನೆಗಳಲ್ಲಿ ಕೀಟನಾಶಕದ ಬಾಟಲಿಗೆ ಯಾವ ಎಚ್ಚರ ಬೇಕೋ ಕೋವಿಗೂ ಅದೇ ಎಚ್ಚರ ಬೇಕು. ದುಃಖದಲ್ಲಿರುವವರು, ಕುಡಿತಕ್ಕೆ ಬಿದ್ದವರು, ಸಾಲದ ಚಿಂತೆಯಲ್ಲಿ ನಿದ್ದೆಗೆಟ್ಟವರು ಮನೆಯಲ್ಲಿದ್ದರೆ ಕೋವಿಯನ್ನು ಸ್ವಲ್ಪ ಕಾಲ ಠಾಣೆಯಲ್ಲೋ ಪರವಾನಗಿಯುಳ್ಳ ಅಂಗಡಿಯಲ್ಲೋ ಇಟ್ಟುಬರುವುದು ಅವಮಾನದ ಸಂಗತಿಯಲ್ಲ, ಪ್ರೀತಿಯ ಕೆಲಸ. ಅದರೊಡನೆ ಅವರ ಬಳಿ ಕುಳಿತು ನಾಲ್ಕು ಮಾತಾಡಿ, ವೈದ್ಯರ ಹತ್ತಿರ ಕರೆದೊಯ್ಯಬೇಕಾದುದೂ ಅಷ್ಟೇ ಮುಖ್ಯ.

ತಂದೆಯ ಕೈಯ ಗುರುತು

ಇವೆಲ್ಲಕ್ಕೂ ಅಡಿಯಲ್ಲಿ ಇನ್ನೊಂದು ಕಾರಣವಿದೆ. ಕೋವಿಯ ಮರದ ಹಿಡಿಯನ್ನು ಸೂಕ್ಷ್ಮವಾಗಿ ನೋಡಿದರೆ ಕೆನ್ನೆ ಒತ್ತುತ್ತಿದ್ದ ಜಾಗ ನುಣುಪಾಗಿ ಸವೆದಿರುತ್ತದೆ. ಅದು ಅಜ್ಜನ ಕೆನ್ನೆ, ತಂದೆಯ ಕೆನ್ನೆ. ಪರವಾನಗಿಯ ಹಳೆಯ ಪುಸ್ತಕದಲ್ಲಿ ಅವರ ರುಜುವಿದೆ, ಎಳೆಯ ಪ್ರಾಯದ ಭಾವಚಿತ್ರವಿದೆ. ಭೂಸುಧಾರಣೆಯಲ್ಲಿ ಗದ್ದೆ ಹೋಯಿತು, ಪಾಲಾದಾಗ ಮನೆ ಒಡೆಯಿತು, ಹಸುಗಳನ್ನು ಮಾರಿದ್ದಾಯಿತು. ಉಳಿದದ್ದು ಒಂದು ಕೋವಿ. ಅದನ್ನು ಠಾಣೆಗೆ ಒಪ್ಪಿಸಿ ಬರಿಗೈಯಲ್ಲಿ ಹಿಂದಿರುಗುವುದೆಂದರೆ ಹಿರಿಯರನ್ನು ಇನ್ನೊಮ್ಮೆ ಕಳಿಸಿಕೊಟ್ಟಂತೆ ಎಂದು ಮಗನಿಗೆ ತೋರುತ್ತದೆ.

ಗಡಿನಾಡಿನವರಿಗೆ ಈ ಭಾವನೆ ಹೆಚ್ಚು ಅರ್ಥವಾದೀತು. ಆಡಳಿತದ ಭಾಷೆ ಬದಲಾಯಿತು, ಊರಿನ ಹೆಸರನ್ನು ಬರೆಯುವ ಲಿಪಿ ಬದಲಾಯಿತು. ಹಳೆಯ ಕೋವಿಯೊಂದಿಗಿರುವ ಹಳೆಯ ಪರವಾನಗಿಯಲ್ಲಾದರೋ ‘ದಕ್ಷಿಣ ಕನ್ನಡ ಜಿಲ್ಲೆ’ ಎಂಬ ಮೊಹರು ಇನ್ನೂ ಇದೆ. ಮನೆತನವು ಈ ಮಣ್ಣಿನಲ್ಲಿ ಎಷ್ಟು ಕಾಲದಿಂದ ಬಾಳಿದೆಯೆಂಬುದಕ್ಕೆ ಅದೂ ಒಂದು ಸಾಕ್ಷಿ. ಹೀಗೆ ಕೋವಿಯ ರೂಪದಲ್ಲಿ ಜನರು ಇಟ್ಟುಕೊಂಡಿರುವುದು ನೆನಪನ್ನು. ಅದನ್ನು ಹಗುರವಾಗಿ ಕಾಣಬಾರದು.

ಆದರೆ ಕೋವಿಗೆ ಅದು ತಿಳಿಯದು

ನಾವು ನೆನಪೆಂದು ಇಟ್ಟರೂ ಕೋವಿಯು ಕೋವಿಯೇ. ಕೆಲಸವಿಲ್ಲದೆ ಕುಳಿತ ಮಾತ್ರಕ್ಕೆ ಅದು ಸಾಧುವಾಗುವುದಿಲ್ಲ. ದಿನವೂ ಬಳಸುವ ಆಯುಧದ ಸ್ಥಿತಿ ಅದರ ಒಡೆಯನಿಗೆ ಗೊತ್ತಿರುತ್ತದೆ. ಬಳಸದ ಆಯುಧದ ಒಳಗೆ ಏನಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ಅಪಾಯವಿರುವುದು ಅಲ್ಲಿಯೇ.

ಬಾಯಿಯಿಂದ ತುಂಬುವ ಕೋವಿಯನ್ನೇ ನೋಡಿರಿ. ಮದ್ದು, ಅದರ ಮೇಲೆ ಬಟ್ಟೆಯ ಇಲ್ಲವೆ ನಾರಿನ ಬಿರಡೆ, ಚರೆ, ಮತ್ತೆ ಬಿರಡೆ. ಇಷ್ಟನ್ನು ಗಜದಿಂದ ಜಡಿದು ತುಂಬಿದ ಮೇಲೆ ಅದನ್ನು ಹೊರತೆಗೆಯುವ ಸುಲಭದ ದಾರಿ ಹಾರಿಸುವುದೊಂದೇ. ಹಂದಿಗೆಂದು ತುಂಬಿ, ಹಂದಿ ಬಾರದೆ, ಹಾಗೆಯೇ ಗೂಟಕ್ಕೆ ತೂಗಿದ ಕೋವಿಗಳುಂಟು. ತುಂಬಿದವರು ತೀರಿಕೊಂಡರು, ಮದ್ದು ತೀರಲಿಲ್ಲ. ಕರಿಮದ್ದು ತೇವ ತಾಗದಿದ್ದರೆ ದಶಕಗಳ ಮೇಲೂ ಹೊತ್ತಿಕೊಳ್ಳಬಲ್ಲದು. ಕೇಪು ಇಲ್ಲವೆಂದ ಮಾತ್ರಕ್ಕೆ ಕೋವಿ ಬರಿದಾಗಿದೆಯೆಂದು ತಿಳಿಯಬಾರದು. ಹಿಂದಿನವರು ಗಜವನ್ನು ನಳಿಗೆಯೊಳಗೆ ಇಳಿಸಿ, ಅದು ಎಷ್ಟು ಆಳಕ್ಕೆ ಹೋಯಿತೆಂದು ಹೊರಗಿನಿಂದ ಅಳೆದು ಒಳಗೆ ತುಂಬಿದೆಯೋ ಇಲ್ಲವೋ ಎಂದು ತಿಳಿಯುತ್ತಿದ್ದರು. ಸಂದೇಹವಿರುವ ಕೋವಿಯ ಬಾಯಿಗೆ ಮುಖವೊಡ್ಡಿ ಈ ಪರೀಕ್ಷೆಗೆ ಇಂದು ನಾವು ಕೈಹಾಕಬಾರದು. ಅದು ಪರವಾನಗಿಯುಳ್ಳ ಕೋವಿ ದುರಸ್ತಿಗಾರನ ಕೆಲಸ.

ತೋಟಾ ಕೋವಿಗೂ ತನ್ನದೇ ಗಂಡಾಂತರಗಳಿವೆ. ನಮ್ಮಲ್ಲಿ ಹೆಚ್ಚಾಗಿರುವುದು ಹನ್ನೆರಡು ಬೋರಿನ ಕೋವಿ. ಒಂದು ಪೌಂಡು ಸೀಸದಿಂದ ಸಮನಾದ ಹನ್ನೆರಡು ಗುಂಡುಗಳನ್ನು ಮಾಡಿದರೆ ಅವುಗಳಲ್ಲೊಂದು ಯಾವ ನಳಿಗೆಯಲ್ಲಿ ಹಿಡಿಯುವುದೋ ಅದು ಹನ್ನೆರಡು ಬೋರು. ಹೆಸರಿನ ಮೂಲ ಅದು. ಬೋರು ಒಂದೇ ಆದರೂ ಎಲ್ಲ ತೋಟಾಗಳೂ ಎಲ್ಲ ಕೋವಿಗಳಿಗೂ ಒಗ್ಗುವುದಿಲ್ಲ. ಹಳೆಯ ಎಷ್ಟೋ ಕೋವಿಗಳ ತೋಟಾಗೂಡು ಎರಡೂವರೆ ಅಂಗುಲದ್ದು. ಈಗಿನ ತೋಟಾ ಹೆಚ್ಚಾಗಿ ಎರಡೂಮುಕ್ಕಾಲು ಅಂಗುಲದ್ದು. ಹಾಕುವಾಗ ಸುಲಭವಾಗಿಯೇ ಹೋಗುತ್ತದೆ. ಹಾರಿದಾಗ ತೋಟಾದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒಳಗಿನ ಒತ್ತಡ ಮಿತಿಮೀರುತ್ತದೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದು ಮಾಡಿದ, ಮೈಮೇಲೆ ಅಲೆಯಂಥ ಚಿತ್ತಾರವಿರುವ ‘ಡಮಾಸ್ಕಸ್’ ನಳಿಗೆಗಳು ಕರಿಮದ್ದಿನ ಕಾಲಕ್ಕೆ ತಕ್ಕವು. ಹೊಗೆಯಿಲ್ಲದ ಈಗಿನ ಮದ್ದಿನ ರಭಸವನ್ನು ಅವು ತಡೆದಾವೆಂಬ ಭರವಸೆಯಿಲ್ಲ. ನೋಡಲು ಚೆಲುವಾದ ಕೋವಿಯೇ ಹಾರಿಸುವವನ ಕೈಯನ್ನು ಸೀಳಿಬಿಡಬಹುದು.

ಮೇಲಾಗಿ ನಮ್ಮದು ಮಳೆಯ ನಾಡು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರು ಮಳೆ. ಆಷಾಢದ ತೇವಕ್ಕೆ ಚರ್ಮದ ಚೀಲದಲ್ಲಿಟ್ಟ ಕೋವಿ ಒಳಗಿಂದೊಳಗೆ ತುಕ್ಕು ಹಿಡಿಯುತ್ತದೆ. ನಳಿಗೆಯೊಳಗೆ ಕಣಜದ ಗೂಡು ಕಟ್ಟಿಕೊಂಡರೂ ಹೊರಗಿನಿಂದ ಕಾಣದು. ಹಾಗೆ ಕಟ್ಟಿಕೊಂಡ ನಳಿಗೆಯಿಂದ ಈಡು ಹಾರಿಸಿದರೆ ನಳಿಗೆ ಸಿಡಿದೀತು. ಹಳೆಯ ತೋಟಾದ ಕುದುರೆ ಎಳೆದಾಗ ಈಡು ಹಾರದಿದ್ದರೆ ಕೂಡಲೇ ಕೋವಿಯನ್ನು ತೆರೆಯುವುದೂ ಅಪಾಯ, ತಡವಾಗಿ ಹೊತ್ತಿಕೊಳ್ಳುವುದುಂಟು. ಹಬ್ಬಕ್ಕೊಮ್ಮೆ ಹಾರಿಸುವವರು ಹಬ್ಬಕ್ಕೆ ಮೊದಲು ಕೋವಿಯನ್ನು ಬಲ್ಲವರಿಂದ ಪರೀಕ್ಷಿಸಿಕೊಳ್ಳುವುದನ್ನು ಪೂಜೆಯ ಒಂದು ಅಂಗವೆಂದೇ ತಿಳಿಯಬೇಕು. ಆಕಾಶಕ್ಕೆ ಹಾರಿಸಿದ ಗುಂಡು ಭೂಮಿಗೆ ಬಂದೇ ಬರುತ್ತದೆ ಎಂಬುದೂ ನೆನಪಿರಲಿ.

ಇನ್ನು ಮಕ್ಕಳ ಮಾತು. ಅಜ್ಜನ ಕೋವಿಯೆಂದರೆ ಮೊಮ್ಮಕ್ಕಳಿಗೆ ಸಿನೆಮಾದ ವಸ್ತು. ರಜೆಗೆ ಬಂದ ಪೇಟೆಯ ಮಕ್ಕಳಿಗೆ ಅದನ್ನು ಹಿಡಿಸಿ ಫೋಟೋ ತೆಗೆಯುವ ಹಿರಿಯರಿದ್ದಾರೆ. “ಅದರಲ್ಲಿ ಏನೂ ಇಲ್ಲ” ಎಂಬ ಮಾತಿನ ಮೇಲೆ ಭಾರ ಹಾಕುವುದು ಎಷ್ಟು ದೊಡ್ಡ ತಪ್ಪೆಂಬುದು ಮೇಲಿನ ವಿವರಗಳಿಂದ ತಿಳಿದೀತು. ಬರಿದಾದ ಕೋವಿಯ ಬಾಯನ್ನೂ ಮನುಷ್ಯರತ್ತ ತಿರುಗಿಸಬಾರದೆಂಬುದು ಹಳೆಯ ಈಡುಗಾರರು ಕಲಿಸುತ್ತಿದ್ದ ಮೊದಲ ಪಾಠ.

ಮನೆಮಂದಿ ಕುಳಿತು ತೀರ್ಮಾನಿಸಬೇಕಾದುದು

ಹಾಗಾದರೆ ಎಲ್ಲರೂ ಕೋವಿಗಳನ್ನು ಒಪ್ಪಿಸಿಬಿಡಬೇಕೆ? ಹಾಗೆನ್ನಲಾಗದು. ಕಾರಣವಿದ್ದವರು ಇಟ್ಟುಕೊಳ್ಳಲಿ. ಆದರೆ ಕಾರಣ ಯಾವುದೆಂದು ತಮಗೆ ತಾವೇ ಸ್ಪಷ್ಟಪಡಿಸಿಕೊಳ್ಳಲಿ. ಇಟ್ಟುಕೊಳ್ಳುವ ರೀತಿ ಕಾರಣಕ್ಕೆ ತಕ್ಕಂತಿರಬೇಕು. ಹಬ್ಬಕ್ಕೆಂದಾದರೆ ವರ್ಷಕ್ಕೊಮ್ಮೆಯಾದರೂ ಪರೀಕ್ಷೆ, ಎಣ್ಣೆ, ಒರಸುವಿಕೆ ಬೇಕು. ಬೆಳೆ ರಕ್ಷಣೆಗೆಂದಾದರೆ ಈಗಿನ ಕಾನೂನಿನ ತಿಳಿವಳಿಕೆಯೂ ಕೈಯ ಅಭ್ಯಾಸವೂ ಬೇಕು. ನೆನಪಿಗೆಂದಾದರೆ ಮನೆಯಲ್ಲಿ ತೋಟಾ, ಮದ್ದುಗಳೇ ಬೇಕಾಗಿಲ್ಲ. ಯಾವ ಕಾರಣಕ್ಕೇ ಇರಲಿ, ಕೋವಿ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ ಇರಬೇಕು. ಬೀಗದ ಕೈ ಮಕ್ಕಳಿಗೂ ಆಳುಗಳಿಗೂ ಗೊತ್ತಿಲ್ಲದ ಕಡೆ ಇರಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಯಜಮಾನರ ಬಳಿಕ ಅದು ಯಾರಿಗೆ ಎಂಬುದು ಅವರು ಗಟ್ಟಿಯಾಗಿರುವಾಗಲೇ ತೀರ್ಮಾನವಾಗಬೇಕು. 2016ರ ಆಯುಧ ನಿಯಮಗಳು ಇದಕ್ಕೆ ದಾರಿ ಮಾಡಿವೆ. ಪರವಾನಗಿದಾರರಿಗೆ 70 ವರ್ಷ ತುಂಬಿದಾಗಲೋ, ಕೋವಿಯನ್ನು ಇಟ್ಟುಕೊಂಡು 25 ವರ್ಷವಾದಾಗಲೋ, ಇವುಗಳಲ್ಲಿ ಯಾವುದು ಮೊದಲೋ ಆಗ, ಅವರು ಹೆಸರಿಸಿದ ವಾರಸುದಾರರು ಪರವಾನಗಿಗೆ ಅರ್ಜಿ ಹಾಕಬಹುದು. ಮರಣದ ನಂತರವೂ ವಾರಸುದಾರರು ಅರ್ಜಿ ಹಾಕಬಹುದು. ಆದರೆ ಅಷ್ಟರಲ್ಲಿ ಕೋವಿಯನ್ನು ಹಾಗೆಯೇ ಮನೆಯಲ್ಲಿ ಇಟ್ಟುಕೊಂಡು ಕೂರುವಂತಿಲ್ಲ. ಪರವಾನಗಿದಾರರು ತೀರಿಕೊಂಡರೆ, ಅವಧಿ ಮುಗಿದರೆ, ಅನಗತ್ಯ ತಡಮಾಡದೆ ಅದನ್ನು ಹತ್ತಿರದ ಠಾಣೆಯಲ್ಲಾಗಲಿ ಪರವಾನಗಿಯುಳ್ಳ ವ್ಯಾಪಾರಿಯಲ್ಲಾಗಲಿ ಠೇವಣಿಯಿಟ್ಟು ರಶೀದಿ ಪಡೆಯಬೇಕೆಂದು ಕಾಯಿದೆಯ 21ನೆಯ ಕಲಮು ಹೇಳುತ್ತದೆ. ಗೊತ್ತುಪಡಿಸಿದ ಅವಧಿಯಲ್ಲಿ ಹಕ್ಕು ಸಾಧಿಸದಿದ್ದರೆ ಅದು ಸರಕಾರದ ಸ್ವತ್ತಾಗುತ್ತದೆ. ಹದಿನಾರನೆಯ ದಿನದ ಕರ್ಮ ಮುಗಿಯುವ ತನಕ ಯಾರಿಗೂ ಈ ನೆನಪು ಬಾರದಿರುವುದು ಸಹಜ. ಅದಕ್ಕಾಗಿಯೇ ಮೊದಲು ಮಾತಾಡಿಡಬೇಕು. ಪರವಾನಗಿಯಿಲ್ಲದ ಕೋವಿ ಮನೆಯಲ್ಲಿ ಸಿಕ್ಕರೆ, “ಅಪ್ಪನದು, ನಾವು ಮುಟ್ಟಿಯೇ ಇಲ್ಲ” ಎಂಬ ಉತ್ತರ ಮೊಕದ್ದಮೆಯಿಂದ ಉಳಿಸಲಾರದು. ಕೊಡಗಿನ ಬಂಧುಗಳಿಗೆ ಪರವಾನಗಿಯ ವಿನಾಯಿತಿ ಇರಬಹುದು. ಮದುವೆಯಾಗಿ, ಆಸ್ತಿ ಕೊಂಡು ಗಡಿಯ ಈಚೆಗೆ ನೆಲಸಿದವರು ಕೋವಿಯನ್ನು ಜತೆಗೆ ತರುವ ಮೊದಲು ಎರಡೂ ಕಡೆಯ ಅಧಿಕಾರಿಗಳಲ್ಲಿ ವಿಚಾರಿಸುವುದು ಕ್ಷೇಮ.

ಮಗನಿಗೂ ಮಗಳಿಗೂ ಬೇಡವಾದರೆ? ಅವರು ಬೇಡವೆಂದರೆ ಮನೆತನಕ್ಕೆ ಕುಂದೆಂದು ಭಾವಿಸಬೇಕಾಗಿಲ್ಲ. ಕೋವಿಯನ್ನು ಕ್ರಮವಾಗಿ ಒಪ್ಪಿಸಿ, ಅದರ ಭಾವಚಿತ್ರವನ್ನೂ ಹಳೆಯ ಪರವಾನಗಿಯ ನಕಲನ್ನೂ ಇಟ್ಟುಕೊಳ್ಳಬಹುದು. ಅದರ ಕಥೆಯನ್ನು, ಯಾರು ತಂದರು, ಯಾವ ವರ್ಷ ತಂದರು, ಯಾವ ಹಬ್ಬಕ್ಕೆ ಹಾರಿತು, ಯಾವ ಸಾವಿಗೆ ಹಾರಿತು ಎಂಬುದನ್ನು, ಹಿರಿಯರು ಬದುಕಿರುವಾಗಲೇ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟರೆ ಕೋವಿ ಹೊತ್ತಿದ್ದ ನೆನಪು ಮನೆಯಲ್ಲಿಯೇ ಉಳಿಯುತ್ತದೆ.

ಮುಂದಿನ ನವೀಕರಣದ ತಾರೀಖು ಪರವಾನಗಿಯ ಪುಸ್ತಕದಲ್ಲಿದೆ. ಆ ತಾರೀಖು ಬರುವ ಮೊದಲು ಒಂದು ಸಂಜೆ, ಮಕ್ಕಳೆಲ್ಲ ಊರಿಗೆ ಬಂದಿರುವಾಗ, ಆ ಪುಸ್ತಕವನ್ನು ಹೊರತೆಗೆದು ಎಲ್ಲರೂ ಕುಳಿತು ಮಾತಾಡಿರಿ. ಆ ಮಾತಿನಲ್ಲಿ ಮನೆಯ ಹೆಂಗಸರೂ ಇರಲಿ. ಕೋವಿಯಿರುವ ಮನೆಯಲ್ಲಿ ಹಗಲಿರುಳು ಮಕ್ಕಳನ್ನು ಕಾಯುವವರು ಅವರೇ ತಾನೆ?